ಟ್ರೇಡರ್ ಜೋಸ್: ಅಗ್ಗದ ಮಾಲೆಲ್ಲ ಕಳಪೆಯೂ ಅಲ್ಲ, ಲಾಭವೂ ಅಲ್ಲ

ಅಮೆರಿಕದಲ್ಲಿರುವ ಕನ್ನಡಿಗರ ನಡುವೆ ಟ್ರೇಡರ್ ಜೋಸ್ ಎಂಬ ದಿನಸಿ ಅಂಗಡಿಯ ಮಾತು ಬಂದರೆ ಸಾಮಾನ್ಯವಾಗಿ ಎರಡು ಅಭಿಪ್ರಾಯ ಕೇಳಿಬರುತ್ತವೆ. ಹೆಸರಾಂತ ಬ್ರಾಂಡುಗಳಿಲ್ಲ, ಅದಕ್ಕೇ ಅಗ್ಗ, ಮಾಲು ಸುಮಾರೇ ಇರಬೇಕು ಎನ್ನುವುದು ಒಂದು. ಅಲ್ಲಿ ಕಣ್ಣುಮುಚ್ಚಿ ಏನು ತಂದರೂ ದುಡ್ಡು ಉಳಿಯುತ್ತದೆ ಎನ್ನುವುದು ಇನ್ನೊಂದು. ಎರಡೂ ತಪ್ಪು, ಮತ್ತು ಕಾರಣ ಒಂದೇ: ಬೆಲೆ ಯಾಕೆ ಇಳಿದಿದೆ ಎಂದು ಇಬ್ಬರೂ ಕೇಳಿಕೊಂಡಿಲ್ಲ.

ಜೋ ಕೂಲೋಂಬ್ 1967ರಲ್ಲಿ ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ತೆರೆದ ಈ ಅಂಗಡಿಯ ಗುಟ್ಟು ಅದರ ಪುಟ್ಟತನದಲ್ಲಿದೆ. ಅಲ್ಲಿನ ಮಾಮೂಲಿ ಸೂಪರ್‌ಮಾರ್ಕೆಟ್ಟಿನಲ್ಲಿ 30,000ಕ್ಕೂ ಹೆಚ್ಚು ಬಗೆಯ ಸಾಮಾನು ಇದ್ದರೆ ಇಲ್ಲಿರುವುದು ಸುಮಾರು 4,000. ಬಗೆ ಕಡಿಮೆಯಾದಷ್ಟೂ ಒಂದೊಂದೂ ರಾಶಿಗಟ್ಟಲೆ ಖರ್ಚಾಗುತ್ತದೆ. ರಾಶಿಗಟ್ಟಲೆ ಕೊಳ್ಳುವವನ ಚೌಕಾಸಿಗೆ ತಯಾರಕ ಬಗ್ಗಲೇಬೇಕು. ಬೇರೆ ಕಡೆ ಕಂಪನಿಗಳು ಕಪಾಟಿನಲ್ಲಿ ಜಾಗಕ್ಕೆಂದೇ ಅಂಗಡಿಗೆ ಹಣ ಕಟ್ಟುವುದುಂಟು, ಆ ಹಣ ಕೊನೆಗೆ ಗಿರಾಕಿಯ ಬಿಲ್ಲಿಗೇ ಸೇರುತ್ತದೆ. ಇಲ್ಲಿ ಆ ಪದ್ಧತಿಯಿಲ್ಲ. ಕೂಪನ್ನು, ಸದಸ್ಯರ ಕಾರ್ಡು, ಹಬ್ಬದ ಸೇಲು ಯಾವುದೂ ಇಲ್ಲ. ಹಾಗಾಗಿ ‘ಮುಂದಿನ ವಾರ ಇಳಿಯಬಹುದು’ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಇನ್ನು, ‘ಇದೂ ಆಲ್ಡಿಯೂ ಒಂದೇ’ ಎನ್ನುವುದು ಅರ್ಧಸತ್ಯ. ಜರ್ಮನಿಯ ಅಗ್ಗದ ದಿನಸಿ ಅಂಗಡಿ ಆಲ್ಡಿಯನ್ನು ಕಟ್ಟಿದ ಅಣ್ಣತಮ್ಮಂದಿರಲ್ಲಿ ಥಿಯೋ ಆಲ್ಬ್ರೆಕ್ಟ್ 1979ರಲ್ಲಿ ಟ್ರೇಡರ್ ಜೋಸ್ ಕೊಂಡರು. ಅಮೆರಿಕದ ಆಲ್ಡಿ ಅಂಗಡಿಗಳು ಅಣ್ಣ ಕಾರ್ಲ್ ಅವರ ಪಾಲಿಗೆ ಬಂದ ಕಂಪನಿಯವು.

ಆದರೂ ಒಂದು ಆಕ್ಷೇಪಕ್ಕೆ ತೂಕವಿದೆ. ಬಹುಪಾಲು ಪೊಟ್ಟಣಗಳ ಮೇಲೆ ಅಂಗಡಿಯ ಹೆಸರೇ ಇರುವಾಗ ತಯಾರಿಸಿದವರು ಯಾರೆಂದು ತಿಳಿಯುವುದು ಹೇಗೆ? ಅಂಗಡಿಯಂತೂ ಬಾಯಿಬಿಡುವುದಿಲ್ಲ. 2016ರಲ್ಲಿ ಸಾಲ್ಮೊನೆಲ್ಲಾ ರೋಗಾಣುವಿನ ಭಯದಿಂದ ವಂಡರ್‌ಫುಲ್ ಕಂಪನಿ ಪಿಸ್ತಾ ವಾಪಸ್ ಕರೆಸಿಕೊಂಡಾಗ ಆ ಪಟ್ಟಿಯಲ್ಲಿ ಟ್ರೇಡರ್ ಜೋಸ್ ಹೆಸರಿನ ಪೊಟ್ಟಣಗಳೂ ಇದ್ದವು. ದೊಡ್ಡ ಬ್ರಾಂಡಿನವರ ಮಾಲೇ ಬೇರೆ ಹೆಸರಿನಲ್ಲಿ ಕೂತಿತ್ತು ಎಂಬುದಕ್ಕೂ, ಬ್ರಾಂಡಿನ ಹೆಸರು ಯಾವ ರಕ್ಷಾಕವಚವೂ ಅಲ್ಲ ಎಂಬುದಕ್ಕೂ ಇದೊಂದೇ ಪುರಾವೆ ಸಾಕು. ಹಾಗೆಂದು ಪ್ರತಿ ಪೊಟ್ಟಣವೂ ಬ್ರಾಂಡಿನ ಪಡಿಯಚ್ಚು ಎನ್ನಲಾಗದು, ಪಾಕ ಬೇರೆಯಿರಬಹುದು. ಅನುಮಾನವಿದ್ದರೆ ಸಿಬ್ಬಂದಿಯನ್ನು ಕೇಳಿ. ಎಷ್ಟೋ ತಿನಿಸುಗಳನ್ನು ಅಲ್ಲೇ ಒಡೆದು ರುಚಿಗೆ ಕೊಡುತ್ತಾರೆ. ಮನೆಗೆ ಒಯ್ದದ್ದು ಹಿಡಿಸದಿದ್ದರೆ ಹಣ ವಾಪಸ್ ಮಾಡುತ್ತಾರೆ.

ಹಾಗಾದರೆ ಏನು ಕೊಳ್ಳಬೇಕು? ಬೆಲೆಯ ಗುಟ್ಟು ತಿಳಿದ ಮೇಲೆ ಉತ್ತರ ಕಷ್ಟವಲ್ಲ. ರಾಶಿಯಲ್ಲಿ ಕೊಳ್ಳಬಹುದಾದ, ಬೇಗ ಕೆಡದ ಪದಾರ್ಥಗಳಲ್ಲೇ ಉಳಿತಾಯ ಹೆಚ್ಚು: ಬಾದಾಮಿ, ಗೋಡಂಬಿ, ಚೀಸ್, ಆಲಿವ್ ಎಣ್ಣೆ, ಫ್ರೀಜರಿನ ಸಾಮಾನು. ಫ್ರೀಜರಿನದೆಂದರೆ ಹಳಸಲು ಎಂದು ಮೂಗು ಮುರಿಯುವವರಿದ್ದಾರೆ. ಕೊಯ್ದ ಕೂಡಲೇ ಹೆಪ್ಪುಗಟ್ಟಿಸಿದ ಬಟಾಣಿ, ನಾಲ್ಕು ದಿನ ಲಾರಿಯಲ್ಲಿ ಬಾಡಿದ ಹಸಿ ಬಟಾಣಿಗಿಂತ ಮೇಲು. ಕೊಳೆತು ಹೋಗುವ ಪಾಲು ಇಲ್ಲದ್ದರಿಂದ ಅದರ ನಷ್ಟವನ್ನು ಗಿರಾಕಿ ಹೊರಬೇಕಿಲ್ಲ. ಅಲ್ಲಿನ ಫ್ರೀಜರಿನ ಬೆಳ್ಳುಳ್ಳಿ ನಾನ್ ಭಾರತದಲ್ಲೇ ತಯಾರಾಗಿ ಹಡಗಿನಲ್ಲಿ ಹೋಗುತ್ತದೆ, ಕಾದ ಕಾವಲಿಯ ಮೇಲೆ ಚೆನ್ನಾಗಿ ಉಬ್ಬುತ್ತದೆ.

ಬಾಳೆಹಣ್ಣಿನ ಕಥೆ ಬೇರೆ. ತೂಕದ ಲೆಕ್ಕವಿಲ್ಲ, ಬಿಡಿಯಾಗಿ ಒಂದಕ್ಕೆ ಇಷ್ಟು. ಎರಡು ದಶಕಕ್ಕೂ ಹೆಚ್ಚು ಕಾಲ 19 ಸೆಂಟ್ ಇದ್ದದ್ದು 2024ರಲ್ಲಿ 23 ಆಯಿತು. ಒಂದೋ ಎರಡೋ ಸಾಕೆನ್ನುವ ಒಂಟಿ ಜೀವಕ್ಕೆ ಇದು ಅನುಕೂಲ. ಆದರೆ ಸಣ್ಣ ಹಣ್ಣಿಗೂ ದೊಡ್ಡದಕ್ಕೂ ಒಂದೇ ದರವಾದ್ದರಿಂದ ದಪ್ಪನೆಯದನ್ನು ಆರಿಸುವುದೇ ಜಾಣತನ. ತೂಕದ ಲೆಕ್ಕದಲ್ಲಿ ನೋಡಿದರೆ ಪುಟ್ಟ ಹಣ್ಣು ಬೇರೆ ಅಂಗಡಿಗಿಂತ ದುಬಾರಿಯೂ ಆಗಬಹುದು. ಮಸಾಲೆಯ ಪುಟ್ಟ ಬಾಟಲಿಗಳಿಗೂ ಇದೇ ಮಾತು. ತಿಂಗಳಿಗೆ ಪಾವು ಕಿಲೋ ಜೀರಿಗೆ, ಧನಿಯಾ ಬೇಕಾಗುವ ಅಡುಗೆಮನೆಗೆ ಬಾಟಲಿಯ ದರ ಗಿಟ್ಟುವುದಿಲ್ಲ. ಅದಕ್ಕೂ ತೊಗರಿಬೇಳೆ, ಚಿರೋಟಿ ರವೆಗೂ ಇಂಡಿಯನ್ ಸ್ಟೋರೇ ಗತಿ.