ಗರ್ಭದೊಳಗಣ ಸ್ಪಂದನ

ಲೆಜುಮೋ ದ ಕೆರ್ಗರಾಡೆಕ್ ಎಂಬ ಫ್ರೆಂಚ್ ವೈದ್ಯನು, ಶಿಶುವು ಮಿಸುಕಾಡುವಾಗ ಗರ್ಭಜಲವು ತುಳುಕುವ ಸದ್ದು ಕೇಳಿಸೀತೇ ಎಂಬ ಕುತೂಹಲದಿಂದ, ಕೆಲವೇ ವರ್ಷಗಳ ಹಿಂದೆ ಲಾನೆಕ್ ನಿರ್ಮಿಸಿದ್ದ ಸ್ಟೆತಾಸ್ಕೋಪನ್ನು ತುಂಬುಗರ್ಭಿಣಿಯೊಬ್ಬಳ ಉದರದ ಮೇಲಿರಿಸಿ ಆಲಿಸಿದಾಗ, ಆತನಿಗೆ ಕೇಳಿಬಂದುದು ಕೈಗಡಿಯಾರದ ಸದ್ದಿನಂಥ, ನಿಮಿಷಕ್ಕೆ 143ರಿಂದ 148ರವರೆಗಿನ, ತಾಯಿಯ ನಾಡಿಗಿಂತ ತೀರ ಭಿನ್ನವಾದೊಂದು ಮಿಡಿತ. 1821ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ವೈದ್ಯಪರಿಷತ್ತಿನೆದುರು ಆತನು ಇದನ್ನು ನಿವೇದಿಸಿದನು. ಜಿನೀವಾದ ಮೇಯೋರ್ ಎಂಬಾತನು ಮೂರು ವರ್ಷ ಮೊದಲೇ ಬರಿಗಿವಿಯಿಂದ ಇದನ್ನು ಆಲಿಸಿದ್ದನಾದರೂ, ಈ ಮಿಡಿತದ ಏರಿಳಿತಗಳಿಂದ ಶಿಶುವಿನ ಕ್ಷೇಮವನ್ನು ತಿಳಿಯಬಹುದಲ್ಲವೇ ಎಂಬ ಮಹತ್ತರ ಪ್ರಶ್ನೆಯನ್ನೆತ್ತಿದ ಕೀರ್ತಿ ಕೆರ್ಗರಾಡೆಕನದು.

1895ರಲ್ಲಿ ಅಡಾಲ್ಫ್ ಪಿನಾರ್ ರೂಪಿಸಿದ, ಗೇಣುದ್ದಕ್ಕೂ ಕಡಿಮೆಯಾದ ಶ್ರವಣನಾಳವು ಇಂದಿಗೂ ಬಳಕೆಯಲ್ಲಿದೆ. ಅನುಭವಸ್ಥೆಯಾದ ದಾದಿಯೊಬ್ಬಳು ಅದನ್ನು ಉಪಯೋಗಿಸುವ ಕ್ರಮವನ್ನು ನೋಡಬೇಕು. ಮೊದಲು ಅಂಗೈಗಳಿಂದ ಉದರವನ್ನು ಮೃದುವಾಗಿ ತಡವಿ ಶಿಶುವಿನ ಬೆನ್ನು ಯಾವ ಮಗ್ಗುಲಿಗಿದೆಯೆಂದು ಅರಿತು, ಅಲ್ಲಿ ನಾಳದ ಅಗಲವಾದ ಬಾಯನ್ನಿರಿಸಿ, ಇನ್ನೊಂದು ತುದಿಗೆ ಕಿವಿಯೊತ್ತಿ, ಬೆರಳಿನ ಸದ್ದೂ ಅಡ್ಡಬಾರದಂತೆ ನಾಳದಿಂದ ಕೈತೆಗೆದು, ಆ ಕೈಯಿಂದ ತಾಯಿಯ ನಾಡಿಯನ್ನು ಹಿಡಿದು, ಗಡಿಯಾರದ ಮುಳ್ಳನ್ನು ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸುತ್ತಾಳೆ. ತಾಯಿಯ ರಕ್ತಪ್ರವಾಹದ ಸದ್ದನ್ನೇ ಮಗುವಿನದೆಂದು ಭ್ರಮಿಸುವುದು ಅಸಾಧ್ಯವಲ್ಲವಾದುದರಿಂದ ನಾಡಿ ಹಿಡಿಯುವ ಈ ಎಚ್ಚರವು ಅತ್ಯವಶ್ಯ.

ಸಾಮಾನ್ಯವಾಗಿ ಈ ಮಿಡಿತವು ನಿಮಿಷಕ್ಕೆ 110ರಿಂದ 160ರೊಳಗಿರುತ್ತದೆ. ಹೆರಿಗೆ ನೋವು ಬಂದಾಗಲೆಲ್ಲ ಗರ್ಭಕೋಶವು ಬಿಗಿದುಕೊಂಡು ಶಿಶುವಿಗೆ ದೊರೆಯುವ ಪ್ರಾಣವಾಯುವು ಕ್ಷಣಕಾಲ ಕುಗ್ಗುವುದು. ಪುಷ್ಟವಾದ ಶಿಶುವು ಇದನ್ನು ಸಹಿಸಿಕೊಳ್ಳುತ್ತದೆ. ಆದರೆ ನೋವು ಇಳಿದ ಮೇಲೂ ಮಿಡಿತವು ಮಂದವಾಗಿಯೇ ಉಳಿದರೆ ಅದು ಅಪಾಯದ ಸೂಚನೆ. ಆದುದರಿಂದಲೇ ಹೆರಿಗೆಯ ಮೊದಲ ಹಂತದಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ, ಮುಕ್ಕುವ ಹಂತದಲ್ಲಿ 5 ನಿಮಿಷಕ್ಕೊಮ್ಮೆ ಆಲಿಸಬೇಕೆಂಬ ನಿಯಮವಿದೆ.

ಕಳೆದ ಶತಮಾನದ ಉತ್ತರಾರ್ಧದಲ್ಲಿ, ಎಡೆಬಿಡದೆ ಮಿಡಿತವನ್ನು ಕಾಗದದ ಮೇಲೆ ಗೆರೆಯಾಗಿ ಮೂಡಿಸುವ ಸಿಟಿಜಿ ಯಂತ್ರಗಳು ಬಂದುವು. ಅವುಗಳಿಂದ ನವಜಾತ ಶಿಶುಗಳ ಫಿಟ್ಸ್ ಕಡಿಮೆಯಾದುದು ಸತ್ಯವಾದರೂ, ಮಿದುಳಿನ ಲಕ್ವವಾಗಲಿ ಶಿಶುಮರಣವಾಗಲಿ ಕಡಿಮೆಯಾದಂತೆ ಕಾಣದೆ, ಸಿಸೇರಿಯನ್ ಶಸ್ತ್ರಕ್ರಿಯೆಗಳು ಮಾತ್ರ ಹೆಚ್ಚಿದುವೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ತೊಡಕುಳ್ಳ ಹೆರಿಗೆಗೆ ಯಂತ್ರವು ಬೇಕೇ ಬೇಕು. ಆರೋಗ್ಯವಂತೆಯ ಸಹಜ ಪ್ರಸವಕ್ಕೆ ಅದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಹೇಳಿದೆ. ಅಂಥವಳಿಗೆ ಬೇಕಾದುದು ಮತ್ತೆಮತ್ತೆ ಬಳಿಗೆ ಬಂದು ಬಾಗಿ ಆಲಿಸುವ ಒಬ್ಬ ಬಲ್ಲವಳು; ನಮ್ಮ ಹೆರಿಗೆ ಕೋಣೆಗಳಲ್ಲಿ ಯಂತ್ರಗಳಿಗಿಂತ ಮೊದಲು ಇಂಥವರ ಸಂಖ್ಯೆ ಹೆಚ್ಚಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಈಗ ಈ ಮಿಡಿತವನ್ನು ಮನೆಯಲ್ಲೇ ಆಲಿಸುವ ಸಣ್ಣ ಡಾಪ್ಲರ್ ಉಪಕರಣಗಳೂ ಮಾರಾಟಕ್ಕಿವೆ. ಮಗುವಿನ ಮಿಸುಕಾಟವು ಎಂದಿಗಿಂತ ಕಡಿಮೆಯಾಯಿತೆಂದು ಅನ್ನಿಸಿದ ತಾಯಿಯು, ಅದರಲ್ಲಿ ಯಾವುದೋ ಮಿಡಿತ ಕೇಳಿಸಿತೆಂದು ಸಮಾಧಾನಪಟ್ಟು ಮಲಗಕೂಡದು. ನಡುರಾತ್ರಿಯಾದರೂ ಸರಿಯೆ, ತಾಯಿ ಕಾರ್ಡನ್ನು ಕೈಗೆತ್ತಿಕೊಂಡು ಆಸ್ಪತ್ರೆಗೆ ಹೊರಡಬೇಕು. ಮನೆಯವರು ಬೆಳಗಾಗಲೆಂದು ತಡೆಯಬಾರದು.