ಪುಟ್ಟ ಬೈಕಿನ ಗುಟ್ಟು ಸೈಲೆನ್ಸರಿನಲ್ಲಿದೆ

ಸಹಕಾರನಗರದ ಒಳರಸ್ತೆಯಲ್ಲಿ ಆರ್‌ಎಕ್ಸ್ 100 ಹಾದುಹೋದರೆ ಮನೆಯೊಳಗೆ ಕೂತವರಿಗೂ ತಿಳಿಯುತ್ತದೆ. ನೋಡಬೇಕಿಲ್ಲ, ಸದ್ದೇ ಸಾಕು. 1996ರಲ್ಲಿ ತಯಾರಿಕೆ ನಿಂತ ಈ ಯಮಹಾ ಬೈಕಿಗೆ ಬೆಂಗಳೂರಿನಲ್ಲಿ ಇಂದಿಗೂ ಗಿರಾಕಿಗಳಿದ್ದಾರೆ. 98 ಸಿಸಿ ಎಂಜಿನ್, 11 ಅಶ್ವಶಕ್ತಿ.

ಅದು ತಯಾರಾಗುತ್ತಿದ್ದ ಕಾಲದಲ್ಲೇ ಜಪಾನಿನಲ್ಲಿ ಇದಕ್ಕಿಂತ ಪುಟ್ಟ ತಮ್ಮಂದಿರು ಹುಟ್ಟಿದರು: 1986ರ ಯಮಹಾ ವೈಎಸ್‌ಆರ್ 50, 1987ರ ಹೋಂಡಾ ಎನ್‌ಎಸ್‌ಆರ್ 50. ರೇಸ್ ಬೈಕನ್ನೇ ಕುಗ್ಗಿಸಿದಂಥ ಮೈಕಟ್ಟು, 12 ಇಂಚಿನ ಚಕ್ರ. ಈಗ ಇವು ಮಾರಾಟಕ್ಕೆ ಬಂದರೆ ಸಂಗ್ರಾಹಕರು ಮುಗಿಬೀಳುತ್ತಾರೆ. ಹೋಂಡಾದ 49 ಸಿಸಿ ಎಂಜಿನ್ ಕೊಡುತ್ತಿದ್ದುದು 7.2 ಅಶ್ವಶಕ್ತಿ. ಪ್ರತಿ ಸಿಸಿಗೆ ಲೆಕ್ಕ ಹಾಕಿದರೆ ಆರ್‌ಎಕ್ಸ್‌ಗಿಂತಲೂ ಹೆಚ್ಚು. ಒಂದು ಲೋಟ ನೀರೂ ಹಿಡಿಸದ ಸಿಲಿಂಡರಿಗೆ ಇಷ್ಟು ಕಸುವು ಎಲ್ಲಿಂದ ಬಂತು?

ಇವೆಲ್ಲ ಟೂ-ಸ್ಟ್ರೋಕ್ ಎಂಜಿನ್‌ಗಳು. ಕ್ರ್ಯಾಂಕಿನ ಪ್ರತಿ ಸುತ್ತಿಗೂ ಒಂದು ಸಲ ಪೆಟ್ರೋಲು ಉರಿಯುತ್ತದೆ. ಪಿಸ್ಟನ್ ಕೆಳಗಿಳಿದಾಗ ಹೊಗೆ ಹೋಗುವ ಕಿಂಡಿ, ಹೊಸ ಮಿಶ್ರಣ ಬರುವ ಕಿಂಡಿ ಎರಡೂ ತೆರೆದೇ ಇರುತ್ತವೆ. ಹೀಗಾಗಿ ಹೊಗೆಯ ಬೆನ್ನಿಗೇ ಹೊಸ ಪೆಟ್ರೋಲೂ ಸ್ವಲ್ಪ ಹೊರಗೆ ಜಾರಿಬಿಡುತ್ತದೆ. ಟೂ-ಸ್ಟ್ರೋಕ್ ಹೆಚ್ಚು ಪೆಟ್ರೋಲು ಕುಡಿಯುವುದಕ್ಕೂ ಗಾಳಿ ಕೆಡಿಸುವುದಕ್ಕೂ ಇದೇ ಮೂಲ.

ಜಾರಿದ್ದನ್ನು ಹಿಂದಕ್ಕೆ ತಳ್ಳುವ ಕೆಲಸ ಸೈಲೆನ್ಸರಿನದು. ಒಳಗೆ ಅದು ಶಹನಾಯಿಯಂತೆ ಅಗಲವಾಗುತ್ತಾ ಹೋಗಿ, ಕೊನೆಯಲ್ಲಿ ಮತ್ತೆ ಕಿರಿದಾಗುತ್ತದೆ. ಎಂಜಿನ್ನಿನಿಂದ ಹೊರಟ ಒತ್ತಡದ ಅಲೆ ಅಗಲವಾಗುವ ಭಾಗ ಮುಟ್ಟಿದಾಗ ಹಿಂದಕ್ಕೆ ಸೆಳೆತ ಹುಟ್ಟಿ, ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಎಳೆದುಕೊಳ್ಳುತ್ತದೆ. ಕಿರಿದಾಗುವ ಭಾಗಕ್ಕೆ ಬಡಿದ ಅಲೆ ಮರಳಿ ಬಂದು, ಜಾರಿದ ಮಿಶ್ರಣವನ್ನು ಕಿಂಡಿ ಮುಚ್ಚುವ ಮುನ್ನ ಒಳಗೆ ನೂಕುತ್ತದೆ.

ಎಲ್ಲವೂ ನಿಂತಿರುವುದು ಹೊತ್ತಿನ ಮೇಲೆ. ನಿಮಿಷಕ್ಕೆ 10,000 ಸುತ್ತು ತಿರುಗುವ ಎಂಜಿನ್ನಿಗೆ ಒಂದು ಸುತ್ತು ಎಂದರೆ ಸೆಕೆಂಡಿನ ಸಾವಿರದಲ್ಲಿ 6 ಪಾಲು ಮಾತ್ರ. ಹೊಗೆಕಿಂಡಿ ತೆರೆದಿರುವುದು ಅದರಲ್ಲೂ ಹೆಚ್ಚುಕಡಿಮೆ ಅರ್ಧ ಹೊತ್ತು. ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ಅಷ್ಟರಲ್ಲಿ ಹೋಗಿ ಬರಬೇಕೆಂದರೆ ಅಲೆಯ ದಾರಿ ಒಂದು ಕಡೆಗೆ ಮುಕ್ಕಾಲು ಮೀಟರಿನ ಆಸುಪಾಸು ಇರಬೇಕು. ಎಂಜಿನ್ ನಿಧಾನವಾದರೆ ಅಲೆ ಬೇಗ ಬಂದುಬಿಡುತ್ತದೆ, ಲಾಭವಿಲ್ಲ. ಅದಕ್ಕೇ ಈ ಬೈಕುಗಳು ಒಂದು ವೇಗದವರೆಗೆ ಮಂದವಾಗಿದ್ದು, ಆಮೇಲೆ ಒಮ್ಮೆಲೇ ಚಿಮ್ಮುತ್ತವೆ.

ಈ ವಿದ್ಯೆಯನ್ನು ಪಳಗಿಸಿದವರು ಪೂರ್ವ ಜರ್ಮನಿಯ ಎಂಝೆಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್. ಅಲ್ಲಿನ ಸವಾರ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ದೇಶ ಬಿಟ್ಟು ಓಡಿಬಂದು, ಈ ವಿದ್ಯೆಯ ಸಮೇತ ಜಪಾನಿನ ಸುಜುಕಿ ಸೇರಿದರು. ಮರುವರ್ಷವೇ 50 ಸಿಸಿ ವಿಶ್ವ ಚಾಂಪಿಯನ್ ಪಟ್ಟ ಸುಜುಕಿ ಬೈಕಿನಲ್ಲಿ ಅವರದಾಯಿತು.

ಹಳೆಯ ಟೂ-ಸ್ಟ್ರೋಕ್ ಕೊಳ್ಳಲು ಹೊರಟವರಿಗೆ ಎರಡು ಮಾತು. 1980ರ ದಶಕದ ಬೈಕನ್ನು ಯಾರಾದರೂ ವಿಂಟೇಜ್ ಎಂದರೆ ನಂಬಬೇಡಿ. 2021ರ ನಿಯಮದಂತೆ ಆ ಹೆಸರಿಗೆ 50 ವರ್ಷ ದಾಟಿರಬೇಕು. ಎಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಆರ್‌ಸಿ ಜೊತೆ ತಾಳೆ ನೋಡಿ. ಆಮೇಲೆ ಬಗ್ಗಿ ಸೈಲೆನ್ಸರ್ ನೋಡಿ. ಸದ್ದಿಗಾಗಿ ಅದನ್ನು ಕೊಯ್ದವರು ಅಲೆ ಮರಳುವ ದಾರಿಯನ್ನೇ ಕಡಿದಿರುತ್ತಾರೆ. ಆ ಬೈಕಿನಲ್ಲಿ ಸದ್ದು ಹೆಚ್ಚಿರುತ್ತದೆ, ಕಸುವು ಇಳಿದಿರುತ್ತದೆ.