ಪರದೇಶವಾಸಿಗೆ ಸ್ವದೇಶದ ಪೊಲೀಸ್ ಪ್ರಮಾಣಪತ್ರ

ಪ್ರಶ್ನೆ: ಮೆಲ್ಬರ್ನಿನಲ್ಲಿರುವ ನನ್ನ ಮಗಳು ಅಲ್ಲಿಯೇ ನೆಲೆಸಲು ಅರ್ಜಿ ಹಾಕಿದ್ದಾಳೆ. ಆಕೆಗೆ ಬೇಕಾದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನು ನಾನೇ ನಮ್ಮೂರಿನ ಠಾಣೆಯಿಂದ ಪಡೆದು ಕಳುಹಿಸಬಹುದೆ?

ಉತ್ತರ: ಹದಿನಾರು ವಯಸ್ಸು ತುಂಬಿದವರು ಕಳೆದ 10 ವರ್ಷಗಳಲ್ಲಿ ಒಟ್ಟು 12 ತಿಂಗಳಾದರೂ ವಾಸಿಸಿದ ಪ್ರತಿಯೊಂದು ದೇಶದಿಂದಲೂ ಆಸ್ಟ್ರೇಲಿಯಾ ಈ ಪತ್ರವನ್ನು ಅಪೇಕ್ಷಿಸುತ್ತದೆ. ಆದರೆ ಠಾಣೆಯವರು ಕೊಡುವ ನಡತೆಯ ಪತ್ರವು ಇದಕ್ಕೆ ಸಾಲದು. ಬೇಕಾದುದು ಪಾಸ್‌ಪೋರ್ಟ್ ಪ್ರಾಧಿಕಾರದ ಮುದ್ರೆಯುಳ್ಳ ಪ್ರಮಾಣಪತ್ರ, ಮತ್ತು ವಿದೇಶದಲ್ಲಿರುವ ಭಾರತೀಯ ಪ್ರಜೆಗೆ ಆ ಪ್ರಾಧಿಕಾರವೆಂದರೆ ಅಲ್ಲಿಯ ನಮ್ಮ ರಾಯಭಾರ ಅಥವಾ ಕಾನ್ಸುಲೇಟ್ ಕಚೇರಿ. ಆದುದರಿಂದ ಅರ್ಜಿಯನ್ನು ನಿಮ್ಮ ಮಗಳೇ ಅಲ್ಲಿ ಸಲ್ಲಿಸತಕ್ಕದ್ದು.

ಹಾಗೆಂದು ನಿಮಗೆ ಕೆಲಸವಿಲ್ಲವೆಂದು ಭಾವಿಸಬೇಡಿ. ಅರ್ಜಿ ಅಲ್ಲಿ ಸಲ್ಲಿದರೂ, ವಿಚಾರಣೆ ಅವಶ್ಯವೆಂದು ಕಂಡಾಗ ಕಾಗದವು ಜಿಲ್ಲಾ ಪೊಲೀಸ್ ಕಚೇರಿಯ ಮೂಲಕ ನಿಮ್ಮ ಠಾಣೆಗೇ ಬಂದು, ಪೇದೆಯೊಬ್ಬರು ಬಾಗಿಲಿಗೆ ಬಂದು ಮನೆಯವರನ್ನೂ ನೆರೆಯವರನ್ನೂ ವಿಚಾರಿಸಿ ವರದಿ ಬರೆಯುವರು. ಪಾಸ್‌ಪೋರ್ಟಿನಲ್ಲಿರುವುದು ನೀವು ಎಂದೋ ತೊರೆದ ಬಾಡಿಗೆಮನೆಯ ವಿಳಾಸವಾಗಿದ್ದರೆ ಅವರು ಅಲ್ಲಿ ಅಪರಿಚಿತರನ್ನು ಕಂಡು ಬರಿಗೈಯಲ್ಲಿ ಹಿಂದಿರುಗುವ ಸಂಭವವುಂಟು; ವಿಳಂಬಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣದು. ಹೀಗಾಗದಂತೆ, ಆ ಮನೆಯಲ್ಲಿ ವಾಸವಿದ್ದುದಕ್ಕೆ ದಾಖಲೆಗಳನ್ನು ಹುಡುಕಿಟ್ಟು, ನೀವೇ ಮುಂದಾಗಿ ಆ ಪ್ರದೇಶದ ಠಾಣೆಯಲ್ಲಿ ವಿಷಯವನ್ನರುಹುವುದು ಲೇಸು.

ಮತ್ತೊಂದು ಮಾತು: ಪತ್ರದಲ್ಲಿ ಯಾವ ದೇಶಕ್ಕಾಗಿ ಎಂಬುದೂ ನಮೂದಾಗುವುದರಿಂದ, ಮಗಳು ಅರ್ಜಿಯಲ್ಲಿ ಆಸ್ಟ್ರೇಲಿಯಾ ಎಂದೇ ಸ್ಪಷ್ಟವಾಗಿ ಬರೆಯಬೇಕು.